ಘಟ್ಟ ಹತ್ತುವಾಗ ಇಂಜಿನ್ ಹೀಟ್, ಒಳಗೆ ಹೀಟರ್ ಮಾತ್ರ ತಣ್ಣಗೆ: ಎಲ್ಲಿಂದ ಹುಡುಕಬೇಕು?

ಕುಮಟಾ_ಘಟ್ಟದಡಿ:

ನಮ್ಮ ಮನೆಯಲ್ಲಿ 2004ರ ಮಾಡೆಲ್ ಡೀಸೆಲ್ ಗಾಡಿ ಇದೆ. ಹಿಂದೆ ಎದುರುಬದುರು ಸೀಟು, ಮೇಲೆ ಕ್ಯಾರಿಯರ್. ಕಂಪನಿ ಹೆಸರು ಬರೆಯುತ್ತಿಲ್ಲ, ಇದು ಕಂಪನಿಯ ತಪ್ಪಲ್ಲ, ಗಾಡಿಗೆ ವಯಸ್ಸಾಗಿದೆ ಅಷ್ಟೆ. ಮೊದಲು ದೊಡ್ಡಪ್ಪ ಇಟ್ಟುಕೊಂಡಿದ್ದರು, ಈಗ ನನ್ನ ಕೈಗೆ ಬಂದಿದೆ. ಕುಮಟಾದಿಂದ ಸಿರ್ಸಿಗೆ ಹೋಗಿಬರುವುದೇ ಇದರ ಮುಖ್ಯ ಕೆಲಸ. ಒಮ್ಮೊಮ್ಮೆ ಅಡಿಕೆ ಚೀಲ ಇರುತ್ತದೆ, ಒಮ್ಮೊಮ್ಮೆ ಮನೆಮಂದಿ ಎಲ್ಲ ಇರುತ್ತಾರೆ.

ಕತಗಾಲ ದಾಟುವವರೆಗೂ ಏನೂ ತೊಂದರೆ ಇಲ್ಲ. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೇ ಇರುತ್ತದೆ. ದೇವಿಮನೆ ಘಟ್ಟ ಶುರುವಾಗಿ ಒಂದೆರಡು ತಿರುವು ಕಳೆದ ಮೇಲೆ ಮುಳ್ಳು ನಿಧಾನಕ್ಕೆ ಏರುತ್ತದೆ, ಎರಡನೇ ಗೇರಿನಲ್ಲಿ ಎಳೆಸಿದರೆ ಕೆಂಪು ಗೆರೆಯ ಹತ್ತಿರಕ್ಕೇ ಬರುತ್ತದೆ. ಮೇಲೆ ದೇವಸ್ಥಾನದ ಹತ್ತಿರ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಇಳಿಯುತ್ತದೆ. ಆಮೇಲೆ ಸಿರ್ಸಿವರೆಗೂ ತಕರಾರಿಲ್ಲ.

ವಿಚಿತ್ರ ಅಂದರೆ ಹೀಟರ್. ಇಂಜಿನ್ ಇಷ್ಟು ಕಾದಿರುವಾಗ ಹೀಟರ್ ಬೆಂಕಿ ಉಗುಳಬೇಕಲ್ವಾ? ಇಲ್ಲ. ಡಿಸೆಂಬರಿನಲ್ಲಿ ಬೆಳಗಿನ ಜಾವ ಸಿರ್ಸಿಯಿಂದ ಹೊರಟರೆ ಮೊದಲು ಸ್ವಲ್ಪ ಬೆಚ್ಚಗಿನ ಗಾಳಿ ಬರುತ್ತದೆ, ಆಮೇಲೆ ತಣ್ಣಗಾಗಿಬಿಡುತ್ತದೆ. ನಿಂತಲ್ಲೇ ಇದ್ದಾಗ ಪೂರಾ ತಂಪು, ಆಕ್ಸಿಲೇಟರ್ ಒತ್ತಿದರೆ ಸ್ವಲ್ಪ ಬಿಸಿ. ಚಳಿಗೆ ಶಾಲು ಹೊದ್ದುಕೊಂಡು ಹೋಗಬಹುದು, ಅದು ದೊಡ್ಡ ವಿಷಯ ಅಲ್ಲ. ಆದರೆ ಮಳೆಗಾಲದಲ್ಲಿ ಘಟ್ಟದ ಮಂಜಿನೊಳಗೆ ಮುಂದಿನ ಗಾಜು ಒಳಗಿಂದ ಮಸುಕಾಗುತ್ತದೆ. ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಕು. ಎದುರಿಂದ ಲಾರಿ ಬರುವಾಗ ಜೀವ ಕೈಯಲ್ಲಿ ಹಿಡಿದುಕೊಂಡ ಹಾಗೆ.

ಒಂದೆರಡು ವಾರಕ್ಕೊಮ್ಮೆ ಅರ್ಧ ಲೀಟರಿನಷ್ಟು ನೀರು ಹಾಕಬೇಕಾಗುತ್ತದೆ. ನೆಲದ ಮೇಲೆ ಹನಿ ಕಾಣುವುದಿಲ್ಲ. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಬದಲಿಸಿದರು, ಏನೂ ವ್ಯತ್ಯಾಸ ಆಗಲಿಲ್ಲ. ಇನ್ನೊಬ್ಬರು "ಹೆಡ್ ಹೋಗಿದೆ, ಬಿಚ್ಚಲೇಬೇಕು" ಅಂದರು. ಹೆಡ್, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗ, ಬಿಚ್ಚಿಸುವ ಖರ್ಚು ಈ ಗಾಡಿಯ ಬೆಲೆಯ ಹತ್ತಿರ ಹೋಗುತ್ತದೆ. ಅದಕ್ಕೆ ಮೊದಲು ನಾನೇ ಏನೇನು ನೋಡಬಹುದು? ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ಪಂಪ್‌ಸೆಟ್ ರಿಪೇರಿ ನಾನೇ ಮಾಡುತ್ತೇನೆ.

ಮಲೆನಾಡು_ಡೀಸೆಲ್:

ನೀವು ಎರಡು ತೊಂದರೆ ಅಂತ ಬರೆದಿದ್ದೀರಿ, ಆದರೆ ಇದು ಬಹುತೇಕ ಒಂದೇ ಕಾಯಿಲೆ. ಇಂಜಿನ್ ಹೀಟ್ ಆಗಿ, ಅದೇ ಹೊತ್ತಿಗೆ ಹೀಟರ್ ತಣ್ಣಗಿದ್ದರೆ, ಬಿಸಿ ನೀರು ಇಂಜಿನ್ನಿನಿಂದ ಹೊರಗೆ ಸರಿಯಾಗಿ ಬರುತ್ತಿಲ್ಲ ಅಂತಲೇ ಅರ್ಥ. ನೀರು ಕಡಿಮೆ ಇರಬೇಕು, ಇಲ್ಲವೇ ಗಾಳಿ ಸಿಕ್ಕಿರಬೇಕು, ಇಲ್ಲವೇ ನೀರು ಸುತ್ತಿಸುವ ಪಂಪ್ ತಳ್ಳುತ್ತಿಲ್ಲ, ಇಲ್ಲವೇ ದಾರಿ ಕಟ್ಟಿದೆ. ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವಿನ ಸೀಲ್) ಕೂಡ ಈ ಪಟ್ಟಿಯಲ್ಲಿ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಪರೀಕ್ಷೆ ಮಾಡಿ ಹೇಳಬೇಕೇ ಹೊರತು ಬಾನೆಟ್ ಎತ್ತಿ ಕಣ್ಣಲ್ಲಿ ನೋಡಿ ಹೇಳುವುದಲ್ಲ.

ಥರ್ಮೋಸ್ಟಾಟ್ ಬದಲಿಸಿದರೂ ಯಾಕೆ ಸರಿಯಾಗಲಿಲ್ಲ ಅನ್ನುವುದನ್ನು ಮೊದಲು ಹೇಳುತ್ತೇನೆ. ಈ ಕಾಲದ ಗಾಡಿಗಳಲ್ಲಿ ಹೀಟರಿಗೆ ಹೋಗುವ ನೀರು ಸಾಮಾನ್ಯವಾಗಿ ಥರ್ಮೋಸ್ಟಾಟ್ ದಾಟಿ ಹೋಗುವುದಿಲ್ಲ. ಹೆಡ್ಡಿನಿಂದ ನೇರವಾಗಿ ಒಂದು ಪೈಪ್ ಡ್ಯಾಶ್‌ಬೋರ್ಡಿನ ಹಿಂದಿರುವ ಸಣ್ಣ ರೇಡಿಯೇಟರಿಗೆ, ಅಂದರೆ ಹೀಟರ್ ಕೋರ್‌ಗೆ ಹೋಗುತ್ತದೆ, ಅಲ್ಲಿಂದ ವಾಪಸ್ ಪಂಪಿನ ಬಾಯಿಗೆ ಬರುತ್ತದೆ. ಹಾಗಾಗಿ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೆಟ್ಟಿದ್ದರೆ ಇಂಜಿನ್ ಹೀಟ್ ಆಗುತ್ತದೆ, ಆದರೆ ಹೀಟರಿನಿಂದ ಮುಖ ಸುಡುವಷ್ಟು ಬಿಸಿ ಗಾಳಿ ಬರುತ್ತದೆ. ತೆರೆದುಕೊಂಡೇ ಕೆಟ್ಟಿದ್ದರೆ ಹೀಟರ್ ತಂಪಾಗಿರುತ್ತದೆ, ಆದರೆ ಆಗ ಮುಳ್ಳೂ ಕೆಳಗೇ ಇರುತ್ತದೆ. ನಿಮ್ಮದು ಎರಡೂ ಅಲ್ಲ.

ನಾನು ಮಾಡುವುದಾದರೆ ಈ ಕ್ರಮದಲ್ಲಿ ಮಾಡುತ್ತೇನೆ. ಬೆಳಿಗ್ಗೆ, ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಪಕ್ಕದ ಪ್ಲಾಸ್ಟಿಕ್ ಡಬ್ಬಿ ನೋಡಿ ಸಮಾಧಾನ ಪಟ್ಟುಕೊಳ್ಳದೆ ರೇಡಿಯೇಟರಿನ ಕ್ಯಾಪ್ ತೆಗೆದು ನೋಡಿ. ನೀರು ಕುತ್ತಿಗೆವರೆಗೂ ಇರಬೇಕು. ಡಬ್ಬಿ ತುಂಬಿದ್ದು ರೇಡಿಯೇಟರಿನಲ್ಲಿ ಕಡಿಮೆ ಇದ್ದರೆ ಮೊದಲ ಅನುಮಾನ ಕ್ಯಾಪಿನ ಮೇಲೆ. ಕ್ಯಾಪಿಗೆ ಎರಡು ಕೆಲಸ. ಬಿಸಿಯಾದಾಗ ಒತ್ತಡ ಹಿಡಿದಿಡಬೇಕು, ತಣ್ಣಗಾದಾಗ ಡಬ್ಬಿಯಿಂದ ನೀರು ವಾಪಸ್ ಎಳೆದುಕೊಳ್ಳಲು ಬಿಡಬೇಕು. ಮಧ್ಯದಲ್ಲಿ ಒಂದು ರೂಪಾಯಿಗಿಂತ ಚಿಕ್ಕದಾದ ಬಿಲ್ಲೆ ಇರುತ್ತದೆ, ಉಗುರಿನಲ್ಲಿ ಎಳೆದರೆ ಕೆಳಗೆ ಬರಬೇಕು, ಬಿಟ್ಟರೆ ಟಕ್ ಅಂತ ಮೇಲೆ ಹೋಗಬೇಕು. ತುಕ್ಕು ಹಿಡಿದು ಅಂಟಿದ್ದರೆ ಅಥವಾ ರಬ್ಬರ್ ಬಿರುಕು ಬಿಟ್ಟಿದ್ದರೆ ಬಿಸಾಕಿ. ಕ್ಯಾಪ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಅದರ ಮೇಲೆ ಇರುತ್ತದೆ, 0.9 ಅಂತ ಬರೆದಿದ್ದರೆ 0.9ರದ್ದೇ ತನ್ನಿ, 1.1 ಇದ್ದರೆ 1.1. ಸಿರ್ಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. 0.9ರ ಕ್ಯಾಪ್ ಸರಿಯಾಗಿ ಹಿಡಿದರೆ ಬರೀ ನೀರು ಕೂಡ 118ರ ಆಸುಪಾಸಿನವರೆಗೆ ಕುದಿಯುವುದಿಲ್ಲ. ಸಣ್ಣ ವಸ್ತು, ಆದರೆ ಘಟ್ಟದ ರಸ್ತೆಗೆ ಇದರ ಬೆಲೆ ದೊಡ್ಡದು.

ಆಮೇಲೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ. ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ, ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಬರುತ್ತದಾ ನೋಡಿ. ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿದ್ದ ಗಾಳಿ. ನಿಲ್ಲದೇ ಬರುತ್ತಲೇ ಇದ್ದರೆ, ರೇಸ್ ಮಾಡಿದಾಗ ಜಾಸ್ತಿಯಾದರೆ, ಆಗ ಯೋಚನೆ ಮಾಡಬೇಕು. ಇನ್ನೊಂದು ದಿನ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸ್ ಹಿಚುಕಿ ನೋಡಿ. ನೀರು ಇನ್ನೂ ತಣ್ಣಗಿರುವಾಗಲೇ ಹೋಸ್ ಕಲ್ಲಿನಷ್ಟು ಗಟ್ಟಿಯಾದರೆ ಸಿಲಿಂಡರಿನ ಒತ್ತಡ ನೀರಿಗೆ ನುಗ್ಗುತ್ತಿದೆ. ಇದಕ್ಕೆ ನೀಲಿ ದ್ರಾವಣದ ಒಂದು ಕಿಟ್ ಕೂಡ ಸಿಗುತ್ತದೆ, ರೇಡಿಯೇಟರಿನ ಬಾಯಿಂದ ಬರುವ ಗಾಳಿಯಲ್ಲಿ ಸುಟ್ಟ ಹೊಗೆ ಇದ್ದರೆ ಅದರ ಬಣ್ಣ ಬದಲಾಗುತ್ತದೆ. ಹೆಡ್ ಬಿಚ್ಚಿ ಅನ್ನುವವರ ಹತ್ತಿರ ಮೊದಲು ಇದನ್ನು ಮಾಡಿ ತೋರಿಸಿ ಅಂತ ಕೇಳಿ.

ಆಯಿಲ್ ಕ್ಯಾಪಿನ ಕೆಳಗೆ ಬಿಳಿ ಕೆನೆ ಕಂಡರೆ ಗಾಬರಿ ಬೇಡ. ನಮ್ಮ ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಾಡುವ ಗಾಡಿಗಳಲ್ಲಿ ತೇವ ಕಟ್ಟಿ ಹಾಗೆ ಆಗುವುದುಂಟು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ಲೇ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ಮಾತ್ರ ಅದು ಬೇರೆ ಕಥೆ.

ಇಷ್ಟು ನೋಡಿ ಬರೆಯಿರಿ. ಹೀಟರ್ ಪೈಪುಗಳ ಬಗ್ಗೆ ಆಮೇಲೆ ಹೇಳುತ್ತೇನೆ.

ಲೈನ್_ಗಾಡಿ:

ಅಷ್ಟೆಲ್ಲ ಯಾಕೆ? ಥರ್ಮೋಸ್ಟಾಟ್ ತೆಗೆದೇ ಬಿಡಿ. ನಮ್ಮ ಕಡೆ ಲೈನ್ ಮೇಲೆ ಓಡುವ ಹಳೇ ಗಾಡಿಗಳಲ್ಲಿ ಯಾವುದರಲ್ಲೂ ಅದು ಇಲ್ಲ. ನಮ್ಮ ಊರು ಏನು ಹಿಮಾಲಯವಾ?

ಮಲೆನಾಡು_ಡೀಸೆಲ್:

ದಯವಿಟ್ಟು ಬೇಡ. ಅದನ್ನು ತೆಗೆದರೆ ಬಯಲಿನಲ್ಲಿ ಮುಳ್ಳು ಕೆಳಗೆ ಇರುತ್ತದೆ, ಅದನ್ನು ನೋಡಿ ಸರಿಯಾಯಿತು ಅನ್ನಿಸುತ್ತದೆ. ಡೀಸೆಲ್ ಇಂಜಿನ್ 82 ಅಥವಾ 88 ಡಿಗ್ರಿಯ ಸುತ್ತಮುತ್ತ ಓಡಲು ಮಾಡಿದ್ದು. ತಣ್ಣಗೇ ಓಡಿದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ, ಹೀಟರ್ ಅಂತೂ ಇನ್ನಷ್ಟು ತಂಪು. ಇನ್ನೊಂದು ಮುಖ್ಯ ವಿಷಯ ಇದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಹಿಂಬದಿಗೆ ಇನ್ನೊಂದು ತಟ್ಟೆ ಇರುತ್ತದೆ. ಮುಂದಿನದು ತೆರೆದಾಗ ಹಿಂದಿನದು ಬೈಪಾಸ್ ದಾರಿ ಮುಚ್ಚುತ್ತದೆ. ಅಂಥದ್ದರಲ್ಲಿ ಪೂರಾ ತೆಗೆದುಬಿಟ್ಟರೆ ಬಿಸಿ ನೀರು ರೇಡಿಯೇಟರಿಗೆ ಹೋಗದೇ ಬೈಪಾಸಿನಲ್ಲೇ ಸುತ್ತುತ್ತದೆ. ಘಟ್ಟದಲ್ಲಿ ಮೊದಲಿಗಿಂತ ಜಾಸ್ತಿ ಹೀಟ್ ಆಗುತ್ತದೆ.

ಹೊಸದು ಹಾಕಿದ್ದಾರೆ ಅಂದಿರಲ್ಲ, ಅದನ್ನು ಹೇಗೆ ಕೂರಿಸಿದ್ದಾರೆ ನೋಡಿ. ಅಂಚಿನಲ್ಲಿ ಸಣ್ಣ ತೂತು, ಅದರೊಳಗೆ ಅಲ್ಲಾಡುವ ಒಂದು ಪಿನ್ ಇದ್ದರೆ ಅದು ಮೇಲ್ಗಡೆ ಬರಬೇಕು. ಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ.

ಕಾಳಿದಂಡೆ:

ಕಾರವಾರದಿಂದ ಬರೆಯುತ್ತಿದ್ದೇನೆ. ಮೇಲಿನವರು ಹೇಳಿದ್ದು ಎಲ್ಲ ಸರಿ, ನಾನು ಹೊರಗಿನ ವಿಷಯ ಸೇರಿಸುತ್ತೇನೆ. ಕರಾವಳಿಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ರೇಡಿಯೇಟರ್ ಒಳಗಿನಿಂದ ಕೆಡುವ ಮೊದಲು ಹೊರಗಿನಿಂದ ಕೆಡುತ್ತದೆ. ಉಪ್ಪು ಗಾಳಿಗೆ ಕೊಳವೆಗಳ ನಡುವಿನ ತೆಳು ಎಲೆಗಳು, ಫಿನ್ ಅನ್ನುತ್ತಾರಲ್ಲ, ಅವು ಬಿಳಿ ಪುಡಿಯಾಗಿ ಉದುರುತ್ತವೆ. ಕೊಳವೆ ಸರಿಯಾಗಿಯೇ ಇರುತ್ತದೆ, ಹನಿ ನೀರೂ ಸೋರುವುದಿಲ್ಲ, ಆದರೆ ಬಿಸಿ ಗಾಳಿಗೆ ಬಿಟ್ಟುಕೊಡಲು ಎಲೆಯೇ ಇಲ್ಲ. ಬೆರಳಿನಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಉದುರಿ ಬಂದರೆ ಆ ರೇಡಿಯೇಟರಿನ ಆಯುಷ್ಯ ಮುಗಿದಿದೆ.

ಎಸಿ ಇದ್ದರೆ ಅದರ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿ ನೋಡಲು ಮರೆಯಬೇಡಿ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛ ಕಾಣುತ್ತದೆ, ಟಾರ್ಚ್ ಬಿಟ್ಟು ಸಂದಿಯಲ್ಲಿ ಇಣುಕಿದರೆ ಒಣ ಎಲೆ, ಹುಳ, ಕೆಂಪು ಧೂಳು ಎಲ್ಲ ಕಂಬಳಿಯಾಗಿ ಕೂತಿರುತ್ತದೆ. ಹೆದ್ದಾರಿ ಕೆಲಸ ನಡೆದ ರಸ್ತೆಗಳಲ್ಲಿ ಓಡಾಡಿದ ಗಾಡಿಗಳಲ್ಲಿ ಇದು ಜಾಸ್ತಿ. ಇಂಜಿನ್ ಕಡೆಯಿಂದ ಹೊರಗಡೆಗೆ ನೀರು ಬಿಡಬೇಕು, ಪ್ರೆಶರ್ ಕಡಿಮೆ ಇಟ್ಟು. ವಾಶಿಂಗ್ ಸೆಂಟರಿನ ಗನ್ ಹತ್ತಿರ ಹಿಡಿದರೆ ಉಳಿದ ಫಿನ್ ಕೂಡ ಮಡಚಿಕೊಳ್ಳುತ್ತವೆ.

ಫ್ಯಾನ್ ಬೆಲ್ಟಿನಲ್ಲಿ ತಿರುಗುವ ವಿಸ್ಕಸ್ ಫ್ಯಾನ್ ಆಗಿದ್ದರೆ ಘಟ್ಟ ಹತ್ತಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಕೈಯಲ್ಲಿ ತಿರುಗಿಸಿ ನೋಡಿ. ಬಿಸಿ ಇರುವಾಗ ಬಿಗಿಯಾಗಿ ತಡೆಯಬೇಕು. ಸರ್ರನೆ ಸುತ್ತು ಹೊಡೆದರೆ ಫ್ಯಾನಿನ ಒಳಗಿನ ಕ್ಲಚ್ ಹೋಗಿದೆ. ನಾನು ಕದ್ರಾ ಮೇಲೆ ಅಣಶಿ ಘಟ್ಟ ಹತ್ತುವಾಗ ಕಿವಿಯನ್ನೂ ಅಲ್ಲೇ ಇಟ್ಟಿರುತ್ತೇನೆ. ಬಿಸಿ ಏರಿದ ಮೇಲೆ ಫ್ಯಾನ್ ಹಿಡಿದುಕೊಂಡರೆ ಹೂಂಕರಿಸುವ ಸದ್ದು ಬರುತ್ತದೆ, ಅದು ಬರದಿದ್ದರೆ ಅನುಮಾನ ಪಡಬೇಕು.

ಆದರೆ ಫ್ಯಾನ್ ಹೋದರೂ ರೇಡಿಯೇಟರ್ ಕಟ್ಟಿದರೂ ಹೀಟರ್ ತಣ್ಣಗಾಗುವುದಿಲ್ಲ. ಹಾಗಾಗಿ ನಿಮ್ಮ ವಿಷಯದಲ್ಲಿ ಇಷ್ಟೇ ಸಾಲದು. ಪಂಪ್ ನೋಡಲೇಬೇಕು. ಪಂಪಿನ ಹೊಟ್ಟೆಯ ಕೆಳಗೆ ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದಾಗ ನೀರು ಅಲ್ಲಿಂದ ಜಿನುಗಲಿ ಅಂತಲೇ ಬಿಟ್ಟಿರುವುದು. ಓಡುವಾಗ ಜಿನುಗಿ ಬಿಸಿಗೆ ಅಲ್ಲೇ ಆರಿಹೋಗುತ್ತದೆ, ನೆಲಕ್ಕೆ ಬೀಳುವುದೇ ಇಲ್ಲ. ನೀರು ಕಡಿಮೆಯಾಗುತ್ತದೆ, ಹನಿ ಕಾಣುವುದಿಲ್ಲ ಅಂದಿರಲ್ಲ, ಅದಕ್ಕೆ ಹೇಳಿದೆ. ಆ ತೂತಿನ ಕೆಳಗೆ ಬಿಳಿ ಅಥವಾ ಹಸಿರು ಕಲೆ ಗಟ್ಟಿಯಾಗಿ ಕೂತಿದೆಯಾ ನೋಡಿ. ಪುಲ್ಲಿ ಹಿಡಿದು ಅಲ್ಲಾಡಿಸಿ, ಆಟ ಇರಬಾರದು.

ಅರಬೈಲ್_ತಿರುವು:

ಪತ್ತೆ ಮಾಡುವುದು ನಡೆಯಲಿ, ಅಲ್ಲಿಯವರೆಗೆ ಗಾಡಿ ಓಡಿಸಲೇಬೇಕು ಅಂದರೆ ಇದನ್ನು ನೆನಪಿಡಿ. ಮುಳ್ಳು ಮುಕ್ಕಾಲು ದಾಟಿತೋ, ಎಸಿ ಆಫ್, ಹೀಟರ್ ಪೂರಾ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಹೀಟರ್ ಕೆಲಸ ಮಾಡುವ ಗಾಡಿಯಲ್ಲಿ ಅದೇ ಎರಡನೇ ರೇಡಿಯೇಟರ್. ಮೇಲಿನ ಗೇರಿನಲ್ಲಿ ಉಸಿರುಕಟ್ಟಿಸಿ ಎಳೆಸಬೇಡಿ, ಒಂದು ಗೇರ್ ಇಳಿಸಿದರೆ ಪಂಪೂ ಫ್ಯಾನೂ ಜೋರಾಗಿ ತಿರುಗುತ್ತವೆ.

ಕೆಂಪಿಗೆ ಹೋದರೆ ತಿರುವಲ್ಲದ ಕಡೆ ಬದಿಗೆ ನಿಲ್ಲಿಸಿ, ಎರಡೂ ಇಂಡಿಕೇಟರ್ ಹಾಕಿ, ಟೈರಿಗೆ ಕಲ್ಲು ಇಡಿ. ಬಾನೆಟ್ ಎತ್ತಿ ಬಿಡಿ ಸಾಕು. ಕ್ಯಾಪ್ ಮುಟ್ಟಲೇಬೇಡಿ. ಒಳಗೆ ನೂರು ಡಿಗ್ರಿ ದಾಟಿದ ನೀರು ಒತ್ತಡದಲ್ಲಿ ಇರುತ್ತದೆ, ಕ್ಯಾಪ್ ಸಡಿಲಾದ ಕ್ಷಣದಲ್ಲಿ ಅದು ಹಬೆಯಾಗಿ ಮುಖಕ್ಕೆ ಹಾರುತ್ತದೆ. ಬಟ್ಟೆ ಸುತ್ತಿ ತೆಗೆಯುತ್ತೇನೆ ಅನ್ನುವವರ ಕೈ ಸುಟ್ಟಿದ್ದನ್ನು ಅರಬೈಲಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಮೊಣಕೈವರೆಗೂ ಚರ್ಮ ಎದ್ದಿತ್ತು. ಮೇಲಿನ ಹೋಸ್ ಕೈಯಲ್ಲಿ ಆರಾಮಾಗಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಕಾಯಿರಿ, ಅರ್ಧ ಗಂಟೆ ಹೋದರೆ ಹೋಗಲಿ. ಕಾದ ಇಂಜಿನ್ನಿಗೆ ಪಕ್ಕದ ಝರಿಯ ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡಬಹುದು.

ಇನ್ನೊಂದು. ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಖುಷಿ ಪಡಬೇಡಿ. ನೀರು ಸೆನ್ಸರಿಗಿಂತ ಕೆಳಗೆ ಹೋದರೆ ಅದು ಬರೀ ಹಬೆಯಲ್ಲೋ ಗಾಳಿಯಲ್ಲೋ ಇರುತ್ತದೆ, ಆಗ ಮುಳ್ಳು ತಪ್ಪು ತೋರಿಸುತ್ತದೆ. ತಕ್ಷಣ ನಿಲ್ಲಿಸಬೇಕಾದ ಹೊತ್ತು ಅದು.

ಕುಮಟಾ_ಘಟ್ಟದಡಿ:

ಎಲ್ಲರಿಗೂ ಧನ್ಯವಾದ, ಇಷ್ಟು ವಿವರವಾಗಿ ಗ್ಯಾರೇಜಿನಲ್ಲಿ ಯಾರೂ ಹೇಳಿರಲಿಲ್ಲ. ನೋಡಿದ್ದು ಇಷ್ಟು.

ಬೆಳಿಗ್ಗೆ ಕ್ಯಾಪ್ ತೆಗೆದರೆ ಡಬ್ಬಿಯಲ್ಲಿ ನೀರು ಮೇಲಿನ ಗೆರೆಗೆ ಇದೆ, ರೇಡಿಯೇಟರಿನಲ್ಲಿ ಬೆರಳು ಇಳಿಸಿದರೂ ಸಿಗುವುದಿಲ್ಲ. ಕ್ಯಾಪಿನ ಬಿಲ್ಲೆ ತುಕ್ಕು ಹಿಡಿದು ಅಲ್ಲಾಡುವುದೇ ಇಲ್ಲ. ಮೇಲಿನ ಹೋಸ್ ಬೆಳಿಗ್ಗೆ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿರುತ್ತದೆ, ಮೊದಲೂ ನೋಡಿದ್ದೆ, ಹೋಸ್ ಹಳೆಯದು ಅಂತ ಬಿಟ್ಟಿದ್ದೆ. ಗುಳ್ಳೆ ಪರೀಕ್ಷೆಯಲ್ಲಿ ಶುರುವಿನಲ್ಲಿ ಸ್ವಲ್ಪ ಬಂತು, ಆಮೇಲೆ ನಿಂತಿತು. ಹೋಸ್ ಗಟ್ಟಿಯಾಗಲಿಲ್ಲ. ಡಿಪ್‌ಸ್ಟಿಕ್ ಆಯಿಲ್ ಕಪ್ಪಗೇ ಇದೆ. ಪಂಪಿನ ತೂತಿನ ಕೆಳಗೆ ಹಸಿರು ಮಿಶ್ರಿತ ಬಿಳಿ ಕಲೆ ಇದೆ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ. ಫ್ಯಾನ್ ಬಿಗಿ ಇದೆ.

ಹೊಸ ಕ್ಯಾಪ್ ಹಾಕಿ, ನೀರು ತುಂಬಿ ಓಡಿಸಿದೆ. ಘಟ್ಟದಲ್ಲಿ ಮುಳ್ಳು ಏರುವುದು ಸ್ವಲ್ಪ ತಡವಾಯಿತು, ಆದರೆ ಏರಿತು. ಹೀಟರ್ ಹಾಗೇ ಇದೆ. ಪೈಪುಗಳ ಬಗ್ಗೆ ಹೇಳುತ್ತೇನೆ ಅಂದಿದ್ದಿರಿ.

ಮಲೆನಾಡು_ಡೀಸೆಲ್:

ಒಳ್ಳೇ ಸುದ್ದಿ, ಹೆಡ್ ಸದ್ಯಕ್ಕೆ ಬಿಚ್ಚುವ ಅಗತ್ಯ ಕಾಣುವುದಿಲ್ಲ. ಪಂಪ್ ಜಿನುಗುತ್ತಿದೆ, ಕ್ಯಾಪ್ ವಾಪಸ್ ಎಳೆಯುತ್ತಿರಲಿಲ್ಲ, ಹಾಗಾಗಿ ಒಳಗೆ ಯಾವಾಗಲೂ ಗಾಳಿ ಇತ್ತು. ಗಾಳಿ ಎತ್ತರದ ಜಾಗ ಹುಡುಕುತ್ತದೆ, ಹೀಟರ್ ಕೋರ್ ಸಾಮಾನ್ಯವಾಗಿ ಎತ್ತರದಲ್ಲೇ ಇರುತ್ತದೆ. ಆದರೆ ನೀರು ತುಂಬಿದ ಮೇಲೂ ಹೀಟರ್ ತಣ್ಣಗಿದೆ ಅಂದರೆ ಇನ್ನೂ ಏನೋ ಇದೆ.

ಇಂಜಿನ್ ಕಡೆಯಿಂದ ಕ್ಯಾಬಿನ್ನಿನ ಗೋಡೆಗೆ ಹೋಗುವ ಎರಡು ಸಣ್ಣ ಹೋಸ್ ಕಾಣುತ್ತವೆ, ಹೆಬ್ಬೆರಳಿನಷ್ಟು ದಪ್ಪ. ಇಂಜಿನ್ ಬಿಸಿಯಾದ ಮೇಲೆ ಹೀಟರ್ ಪೂರಾ ಆನ್ ಮಾಡಿ ಎರಡನ್ನೂ ಮುಟ್ಟಿ. ಫ್ಯಾನಿನಿಂದ ಕೈ, ಅಂಗಿಯ ತೋಳು ದೂರ ಇರಲಿ. ಎರಡೂ ಬಿಸಿ ಇದ್ದರೆ ನೀರು ಸರಿಯಾಗಿದೆ, ಒಳಗಿನ ಗಾಳಿ ತಿರುಗಿಸುವ ಪಟ್ಟಿ ಕೆಟ್ಟಿದೆ. ಎರಡೂ ತಣ್ಣಗಿದ್ದರೆ ನೀರೇ ಬರುತ್ತಿಲ್ಲ, ಗಾಳಿ ಅಥವಾ ಪಂಪ್. ಒಂದು ಸುಡುತ್ತಾ ಇನ್ನೊಂದು ಉಗುರು ಬೆಚ್ಚಗಿದ್ದರೆ ಕೋರ್ ಕಟ್ಟಿದೆ, ಅಥವಾ ಅಲ್ಲಿರುವ ನೀರಿನ ವಾಲ್ವ್ ಪೂರಾ ತೆರೆಯುತ್ತಿಲ್ಲ. ಡ್ಯಾಶಿನ ಲಿವರ್ ಸರಿಸಿದಾಗ ಕೇಬಲ್ಲಿನಿಂದ ಆ ವಾಲ್ವ್ ತಿರುಗುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷದಲ್ಲಿ ಹತ್ತು ತಿಂಗಳು ಯಾರೂ ಹೀಟರ್ ಮುಟ್ಟುವುದಿಲ್ಲ, ಹಾಗಾಗಿ ಅದು ಮುಚ್ಚಿಕೊಂಡೇ ತುಕ್ಕು ಹಿಡಿಯುತ್ತದೆ. ಕೋರಿಗೆ ದೂರು ಹೇಳುವ ಮೊದಲು ವಾಲ್ವ್ ಕಣ್ಣಲ್ಲೇ ನೋಡಿ.

ವಾಲ್ವ್ ಸರಿ ಇದ್ದರೆ ತಣ್ಣಗಿರುವಾಗ ಎರಡೂ ಹೋಸ್ ಬಿಚ್ಚಿ, ನೀರು ವಾಪಸ್ ಬರುವ ಕಡೆಯಿಂದ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ಜೋರು ಬೇಡ, ಹಳೇ ಕೋರಿನ ಬೆಸುಗೆ ತಡೆಯುವುದಿಲ್ಲ. ಮೊದಲು ಬರುವುದನ್ನು ಬಕೆಟ್ಟಿನಲ್ಲಿ ಹಿಡಿಯಿರಿ, ಏನು ಬರುತ್ತದೆ ಅಂತ ನೋಡಬೇಕು. ಅದರಲ್ಲಿ ಕೂಲಂಟ್ ಇದ್ದರೆ ಅಂಗಳದಲ್ಲಿ ಚೆಲ್ಲಬೇಡಿ. ಅದು ಸಿಹಿ, ನಾಯಿ ದನ ನೆಕ್ಕುತ್ತವೆ, ಸ್ವಲ್ಪವೇ ಆದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಕುಮಟಾ_ಘಟ್ಟದಡಿ:

ಒಂದು ಹೋಸ್ ಮುಟ್ಟಲಾಗದಷ್ಟು ಬಿಸಿ, ಇನ್ನೊಂದು ಬರೀ ಬೆಚ್ಚಗೆ. ವಾಲ್ವ್ ಪೂರಾ ತಿರುಗುತ್ತಿತ್ತು. ಹೋಸ್ ಬಿಚ್ಚಿ ಹಿಂದಿನಿಂದ ನೀರು ಬಿಟ್ಟರೆ ಮೊದಲು ಹನಿಹನಿಯಾಗಿ ಬಂತು. ಆಮೇಲೆ ಒಮ್ಮೆಲೇ ಬುಸ್ ಅಂತ ಕಂದು ಹಳದಿ ಬಣ್ಣದ ರಾಡಿ, ಮಣ್ಣಿನ ಹಾಗೆ ಜಿಗುಟು, ನಡುವೆ ತುಕ್ಕಿನ ಚಕ್ಕೆಗಳು. ಬಕೆಟ್ಟಿನ ತಳದಲ್ಲಿ ಒಂದು ಬೆರಳು ದಪ್ಪ ಕೂತಿತ್ತು. ಕೈಯಲ್ಲಿ ಉಜ್ಜಿದರೆ ಬಣ್ಣ ಹತ್ತುತ್ತದೆ.

ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ. ಹಿಂದೊಮ್ಮೆ ದೂರದ ದಾರಿಯಲ್ಲಿ ರೇಡಿಯೇಟರ್ ಸೋರಿದಾಗ ಆಗಿನ ಡ್ರೈವರ್ ಅಂಗಡಿಯಿಂದ ಅರಿಶಿನ ಪುಡಿ ತಂದು ಸುರಿದಿದ್ದರಂತೆ. ಆಮೇಲೂ ಒಂದೆರಡು ಸಲ ಹಾಕಿದ್ದರಂತೆ. ಇಷ್ಟು ವರ್ಷವಾದ ಮೇಲೂ ಅದು ಒಳಗೆ ಇರುತ್ತದಾ?

ಕಾಳಿದಂಡೆ:

ಇರುತ್ತದೆ. ರಸ್ತೆಯಲ್ಲಿ ಸಿಕ್ಕಿಬಿದ್ದಾಗ ಊರು ಮುಟ್ಟಿಸಲು ಅರಿಶಿನ ಕೆಲಸ ಮಾಡುವುದು ನಿಜ, ಲಾರಿಯವರು ತಲೆಮಾರಿನಿಂದ ಮಾಡುತ್ತಾ ಬಂದಿದ್ದಾರೆ. ಸೋರುವ ಸಣ್ಣ ತೂತಿಗೆ ಪುಡಿ ಹೋಗಿ ಉಬ್ಬಿ ಕೂರುತ್ತದೆ. ಆದರೆ ಯಾವುದು ತೂತು, ಯಾವುದು ದಾರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲವಲ್ಲ. ಮನೆ ಮುಟ್ಟಿದ ಮೇಲೆ ಪೂರಾ ತೊಳೆದು ಸೋರಿಕೆ ಬೆಸುಗೆ ಹಾಕಿಸದಿದ್ದರೆ ಅದು ಬಾವಿ ನೀರಿನ ತುಕ್ಕಿನ ಜೊತೆ ಸೇರಿ ಕೆಸರಾಗುತ್ತದೆ. ಮೊದಲು ಕಟ್ಟುವುದು ಅತಿ ಸಣ್ಣ ಕೊಳವೆ ಇರುವ ಹೀಟರ್ ಕೋರ್, ಆಮೇಲೆ ರೇಡಿಯೇಟರಿನ ಕೆಳಭಾಗ. ಅಂಗಡಿಯಲ್ಲಿ ಸಿಗುವ ಸೋರಿಕೆ ಮುಚ್ಚುವ ಪುಡಿಗಳದ್ದೂ ಇದೇ ಹಣೆಬರಹ.

ಹೀಟರ್ ಕೋರಿನಲ್ಲಿ ಇಷ್ಟಿದ್ದರೆ ರೇಡಿಯೇಟರಿನಲ್ಲೂ ಇದೆ ಅಂತಲೇ ತಿಳಿಯಿರಿ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ ರೇಡಿಯೇಟರಿನ ಮುಖದ ಮೇಲೆ ಅಂಗೈ ಸವರಿ. ಬಿಸಿ ಒಂದು ಬದಿಯಿಂದ ಇನ್ನೊಂದಕ್ಕೆ ನಿಧಾನಕ್ಕೆ ಇಳಿಯಬೇಕು. ನಡುವೆ ತಣ್ಣಗಿನ ಪಟ್ಟೆ ಸಿಕ್ಕರೆ ಅಲ್ಲಿನ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ತಾಮ್ರ ಹಿತ್ತಾಳೆಯ ಹಳೇ ರೇಡಿಯೇಟರ್ ಆಗಿದ್ದರೆ ಮೇಲಿನ ಟ್ಯಾಂಕ್ ಬಿಚ್ಚಿ ಕೊಳವೆಗಳಿಗೆ ಸರಳು ಹಾಕಿ ತೆಗೆಸಬಹುದು, ಆ ಕೆಲಸ ಗೊತ್ತಿರುವ ಹಳಬರು ಈಗಲೂ ಸಿಗುತ್ತಾರೆ. ಅಲ್ಯುಮಿನಿಯಂಗೆ ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ ದುಡ್ಡು ಸುರಿಯಬೇಡಿ, ಹೊಸದೇ ಹಾಕಿ.

ಮಲೆನಾಡು_ಡೀಸೆಲ್:

ಪಂಪ್ ಹೇಗೂ ಬಿಚ್ಚಬೇಕು, ಅದರ ಜೊತೆಗೇ ಇದನ್ನೂ ಮಾಡಿ. ಪಂಪ್ ಹೊರಗೆ ಬಂದಾಗ ಒಳಗಿನ ಚಕ್ರದ ರೆಕ್ಕೆಗಳನ್ನು ನೋಡಿ. ವರ್ಷಗಟ್ಟಲೆ ಬರೀ ನೀರು ಹಾಕಿದ ಗಾಡಿಗಳಲ್ಲಿ ರೆಕ್ಕೆ ತುಕ್ಕು ತಿಂದು ಗಿಡ್ಡವಾಗಿರುತ್ತದೆ. ನಿಂತಾಗ ಹೀಟರ್ ತಣ್ಣಗೆ, ರೇಸ್ ಮಾಡಿದರೆ ಬೆಚ್ಚಗೆ ಅಂದಿದ್ದಿರಿ, ಅದಕ್ಕೆ ಅರ್ಧ ಕಾರಣ ಅಲ್ಲೂ ಇರಬಹುದು. ಬೆಲ್ಟ್, ಚಪ್ಪಟೆಯಾದ ಆ ಮೇಲಿನ ಹೋಸ್, ಹೀಟರ್ ಹೋಸ್ ಎಲ್ಲ ಒಟ್ಟಿಗೇ ಬದಲಿಸಿ.

ಉಳಿದ ಕೆಸರಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಬಿಸಿ ನೀರಿನಲ್ಲಿ ತೆಳುವಾಗಿ ಕರಗಿಸಿ ತುಂಬಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ, ತಣ್ಣಗಾದ ಮೇಲೆ ಖಾಲಿ ಮಾಡಿ, ಸ್ವಚ್ಛ ನೀರು ಬರುವವರೆಗೆ ತೊಳೆಯಿರಿ. ರಾತ್ರಿಯಿಡೀ ಒಳಗೆ ಬಿಡಬೇಡಿ, ಹೆಡ್ ಅಲ್ಯುಮಿನಿಯಂ ಇದ್ದರೆ ತಿನ್ನುತ್ತದೆ. ಇದನ್ನು ಹೊಸ ಪಂಪ್ ಹಾಕುವ ಮೊದಲೇ ಮುಗಿಸಿ.

ಕೊನೆಗೆ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬ್ಯಾಟರಿಗೆ ಹಾಕುವ ನೀರು ನಡೆಯುತ್ತದೆ. ನಮಗೆ ಹಿಮದ ಭಯ ಇಲ್ಲ ನಿಜ, ಆದರೆ ಕೂಲಂಟ್ ತುಕ್ಕು ತಡೆಯುತ್ತದೆ, ಪಂಪಿನ ಸೀಲ್ ಕಾಯುತ್ತದೆ, ಕುದಿಯುವ ಬಿಂದು ಏರಿಸುತ್ತದೆ. ಸಮುದ್ರದ ಹತ್ತಿರದ ಬಾವಿ ನೀರಿನಲ್ಲಿ ಉಪ್ಪಿರುತ್ತದೆ, ಅದನ್ನಂತೂ ಹಾಕಲೇಬೇಡಿ. ಹಸಿರು ಕೆಂಪು ಬೆರೆಸಬೇಡಿ, ಒಂದೇ ಜಾತಿಯದು ಇರಲಿ.

ತುಂಬುವಾಗ ಗಾಡಿಯ ಮೂತಿ ಮೇಲಾಗಿ ದಿಬ್ಬದ ಮೇಲೆ ನಿಲ್ಲಿಸಿ, ನಮ್ಮ ಜಿಲ್ಲೆಯಲ್ಲಿ ದಿಬ್ಬಕ್ಕೆ ಬರವಿಲ್ಲ. ಹೀಟರ್ ಲಿವರ್ ಪೂರಾ ಬಿಸಿಗೆ ಇರಲಿ. ನಿಧಾನಕ್ಕೆ ಹುಯ್ಯಿರಿ, ಕ್ಯಾಪ್ ತೆರೆದಿಟ್ಟೇ ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಆಗಾಗ ಹಿಚುಕಿ. ಥರ್ಮೋಸ್ಟಾಟ್ ತೆರೆದಾಗ ನೀರು ಒಮ್ಮೆಲೇ ಕೆಳಗೆ ಹೋಗುತ್ತದೆ, ಆಗ ಮತ್ತೆ ತುಂಬಿ ಕ್ಯಾಪ್ ಹಾಕಿ. ಉಕ್ಕಿ ಬರಲು ಶುರುವಾದರೆ ಕಾಯಬೇಡಿ, ಆಫ್ ಮಾಡಿ.

ಕುಮಟಾ_ಘಟ್ಟದಡಿ:

ಕೆಲಸ ಮುಗಿಯಿತು. ರೇಡಿಯೇಟರ್ ತಾಮ್ರದ್ದೇ, ಕೆಳಗಿನ ಮೂರನೇ ಒಂದು ಭಾಗ ಪೂರಾ ಕಟ್ಟಿತ್ತು. ಟ್ಯಾಂಕ್ ಬಿಚ್ಚಿದಾಗ ನಾನೂ ಅಲ್ಲೇ ನಿಂತು ನೋಡಿದೆ, ಕೊಳವೆಯ ಬಾಯಿಗಳಲ್ಲಿ ಅದೇ ಕಂದು ಹಳದಿ ಕೆಸರು ಒಣಗಿ ಗಟ್ಟಿಯಾಗಿತ್ತು. ಪಂಪಿನ ರೆಕ್ಕೆಗಳು ತುದಿಯಲ್ಲಿ ತೆಳುವಾಗಿ ಅಲ್ಲಲ್ಲಿ ಮುರಿದಿದ್ದವು. ಪಂಪ್, ಬೆಲ್ಟ್, ಹೋಸ್ ಹೊಸದು. ಎಲ್ಲ ಸೇರಿ ಹೆಡ್ ಕೆಲಸಕ್ಕೆ ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ.

ಚೀಲ ಹೇರಿಕೊಂಡೇ ದೇವಿಮನೆ ಹತ್ತಿದೆ. ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಹೀಟರ್ ಎರಡನೇ ಗೆರೆಗಿಂತ ಮೇಲೆ ಇಡಲಿಕ್ಕೇ ಆಗುವುದಿಲ್ಲ, ಅಮ್ಮ ಸಾಕು ಬಂದ್ ಮಾಡು ಅಂದರು. ಗಾಜಿನ ಮಸುಕು ಎಸಿ ಮತ್ತು ಹೀಟರ್ ಒಟ್ಟಿಗೆ ಹಾಕಿದರೆ ನೋಡುತ್ತಿದ್ದಂತೆ ಹೋಗುತ್ತದೆ. ಈ ಮಳೆಗಾಲಕ್ಕೆ ದೊಡ್ಡ ಚಿಂತೆ ಕಳೆಯಿತು.

ಒಂದೇ ಅನುಮಾನ ಉಳಿದಿದೆ. ಆಮೇಲೆ ಡಬ್ಬಿಯಲ್ಲಿ ನೀರು ಸ್ವಲ್ಪ ಇಳಿದಿದೆ, ಎರಡು ಬೆರಳಿನಷ್ಟು. ಮತ್ತೆ ಎಲ್ಲಾದರೂ ಸೋರುತ್ತಿದೆಯಾ?

ಮಲೆನಾಡು_ಡೀಸೆಲ್:

ಬಹುಶಃ ಇಲ್ಲ. ಎಲ್ಲ ಬಿಚ್ಚಿ ತುಂಬಿದ ಮೇಲೆ ಮೂಲೆಯಲ್ಲಿ ಉಳಿದ ಗಾಳಿ ಮೊದಲ ಕೆಲವು ಓಡಾಟದಲ್ಲಿ ಹೊರಗೆ ಬರುತ್ತದೆ, ಅಷ್ಟು ನೀರು ಡಬ್ಬಿಯಿಂದ ಒಳಗೆ ಹೋಗುತ್ತದೆ. ಹೊಸ ಕ್ಯಾಪ್ ವಾಪಸ್ ಎಳೆಯುತ್ತಿದೆ ಅನ್ನುವುದಕ್ಕೂ ಅದೇ ಗುರುತು. ಕೆಳಗಿನ ಗೆರೆಯ ಮೇಲೆ ಬರುವಷ್ಟು ತುಂಬಿ, ಡಬ್ಬಿಗೆ ಒಂದು ತುಂಡು ಟೇಪ್ ಅಂಟಿಸಿ ಗುರುತು ಮಾಡಿ, ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ. ಒಂದು ಮಟ್ಟಕ್ಕೆ ಬಂದು ನಿಲ್ಲಬೇಕು. ಇಳಿಯುತ್ತಲೇ ಇದ್ದರೆ ಹೋಸ್ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಎಡಗಡೆ ಸೀಟಿನ ಮುಂದೆ ಕಾರ್ಪೆಟ್ ಕೆಳಗೆ ಕೈ ಹಾಕಿ ನೋಡಿ. ಹೀಟರ್ ಕೋರ್ ಸೋರಿದರೆ ಅಲ್ಲೇ ಒದ್ದೆಯಾಗುತ್ತದೆ. ಮಳೆ ನೀರಾದರೆ ಬೆರಳಿಗೆ ಅಂಟುವುದಿಲ್ಲ, ಕೂಲಂಟ್ ಜಿಗುಟಾಗಿರುತ್ತದೆ, ಸಿಹಿ ವಾಸನೆ ಇರುತ್ತದೆ. ಹಾಗೇನಾದರೂ ಕಂಡರೆ ಇಲ್ಲೇ ಬರೆಯಿರಿ.